ವಿದೇಶೀ ಕಂಪೆನಿಗಳೂ ಭಾರತದ ಮಾರುಕಟ್ಟೆಯೂ

ಪೀಠಿಕೆ

ಒಂದು ದೇಶದ ಜನಸಂಖ್ಯೆ ದೊಡ್ಡದಾಗಿದ್ದ ಮಾತ್ರಕ್ಕೆ ಆ ದೇಶದ ಮಾರುಕಟ್ಟೆಯೂ ದೊಡ್ಡದೆಂದು ಹೇಳಬಹುದೆ? ವಾಣಿಜ್ಯಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಮೊದಲ ನೋಟಕ್ಕೆ ಸರಳವಾಗಿ ತೋರಬಹುದು. ಆದರೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಭಾರತಕ್ಕೆ ಬಂದ ವಿದೇಶೀ ಕಂಪೆನಿಗಳಲ್ಲಿ ಕೆಲವು ಇಲ್ಲಿ ಬೇರೂರಿ ಬೆಳೆದುವು. ಅಷ್ಟೇ ಬಂಡವಾಳವೂ ಅಷ್ಟೇ ಹೆಸರೂ ಉಳ್ಳ ಇನ್ನು ಕೆಲವು ನಷ್ಟ ಹೊಂದಿ ಹಿಂದಿರುಗಿದುವು. ಇದಕ್ಕೆ ಕಾರಣವೇನೆಂದು ಹುಡುಕಹೊರಟರೆ ಮೇಲಿನ ಪ್ರಶ್ನೆಯ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಭಾರತ, ಬ್ರೆಜಿಲ್ ಮೊದಲಾದ ದೇಶಗಳನ್ನು ಇಂದು ‘ಉದಯೋನ್ಮುಖ ಮಾರುಕಟ್ಟೆ’ಗಳೆಂದು ಕರೆಯುವುದು ರೂಢಿಯಾಗಿದೆ. ಈ ಹೆಸರು ಬಹಳ ಹಳೆಯದಲ್ಲ. ವಿಶ್ವಬ್ಯಾಂಕಿನ ಅಂಗವಾದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟ್ವಾನ್ ವಾನ್ ಅಗ್ಟ್‌ಮೇಲ್ ಎಂಬವರು 1981ರಲ್ಲಿ ಇದನ್ನು ಬಳಕೆಗೆ ತಂದರು. ‘ಮೂರನೆಯ ಜಗತ್ತು’ ಎಂಬ ಮಾತು ಹೂಡಿಕೆದಾರರ ಮನಸ್ಸಿನಲ್ಲಿ ಬಡತನದ ಚಿತ್ರವನ್ನು ಮೂಡಿಸುತ್ತಿದ್ದುದರಿಂದ, ಆಶೆಯನ್ನು ಹುಟ್ಟಿಸುವ ಬೇರೊಂದು ಮಾತು ಅವರಿಗೆ ಬೇಕಾಗಿತ್ತು. ಹೆಸರು ಹೊಸದಾದರೂ ದೇಶಗಳು ಹಳೆಯವೇ. ಅವುಗಳ ಜನರ ಅಭ್ಯಾಸ, ಕಾನೂನು, ಚರಿತ್ರೆಗಳೂ ಹಳೆಯವೇ ಎಂಬುದನ್ನು ನಾವು ಮರೆಯಲಾಗದು.

ವಿದೇಶೀ ಕಂಪೆನಿಗೆ ಭಾರತದಲ್ಲಿ ದೊರೆಯುವ ಅವಕಾಶದ ಸ್ವರೂಪವೇನು, ಆ ಅವಕಾಶವು ನಮ್ಮ ದೇಶಕ್ಕೂ ಅವಕಾಶವಾಗುವುದು ಯಾವಾಗ ಎಂಬ ಎರಡು ವಿಷಯಗಳನ್ನು ಈ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಕೊನೆಯಲ್ಲಿ ಒಂದೇ ಎಂಬುದು ನಮ್ಮ ಅಭಿಪ್ರಾಯ.

1. ತಲೆ ಎಣಿಕೆ ಮತ್ತು ಕೊಳ್ಳುವ ಶಕ್ತಿ

2011ರ ಜನಗಣತಿಯಂತೆ ಭಾರತದ ಜನಸಂಖ್ಯೆ 121 ಕೋಟಿ. ಅವರಲ್ಲಿ ನೂರಕ್ಕೆ ಸುಮಾರು 69 ಮಂದಿ ಹಳ್ಳಿಗಳಲ್ಲಿ ವಾಸಿಸುತ್ತಿದ್ದರು. 2023ರಲ್ಲಿ ಭಾರತವು ಜನಸಂಖ್ಯೆಯಲ್ಲಿ ಚೀನವನ್ನು ಮೀರಿಸಿತೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಈ ಸಂಖ್ಯೆಗಳನ್ನು ಮುಂದಿಟ್ಟುಕೊಂಡು, ಇಷ್ಟು ಕೋಟಿ ಜನರಲ್ಲಿ ನೂರಕ್ಕೆ ಒಬ್ಬನು ನಮ್ಮ ಸರಕನ್ನು ಕೊಂಡರೂ ಸಾಕಲ್ಲವೆ ಎಂದು ಲೆಕ್ಕ ಹಾಕುವುದು ಹೊರಗಿನಿಂದ ಬರುವ ವ್ಯಾಪಾರಿಗೆ ಸಹಜ. ಈ ಲೆಕ್ಕದಲ್ಲಿ ಒಂದು ದೋಷವಿದೆ. ಅರ್ಥಶಾಸ್ತ್ರದಲ್ಲಿ ಬೇಡಿಕೆಯೆಂದರೆ ಬಯಕೆಯಷ್ಟೇ ಅಲ್ಲ. ಬೆಲೆಯನ್ನು ತೆರುವ ಶಕ್ತಿಯಿಂದ ಕೂಡಿದ ಬಯಕೆ. ವಿಶ್ವಬ್ಯಾಂಕಿನ ವರ್ಗೀಕರಣದಲ್ಲಿ ಭಾರತವು ಕೆಳಮಧ್ಯಮ ವರಮಾನದ ದೇಶಗಳ ಸಾಲಿಗೆ ಸೇರಿದುದು. ಆದಕಾರಣ ಇಲ್ಲಿನ ಮಾರುಕಟ್ಟೆಯನ್ನು ಒಂದೇ ಎಂದು ಭಾವಿಸದೆ, ಹಲವು ಅಂತಸ್ತುಗಳ ಕಟ್ಟಡವೆಂದು ಭಾವಿಸುವುದು ಉಚಿತ. ಮೇಲಿನ ಅಂತಸ್ತು ಚಿಕ್ಕದು, ಆದರೆ ಯೂರೋಪಿನ ಬೆಲೆಯನ್ನು ತೆರಬಲ್ಲದು. ಕೆಳಗಿನ ಅಂತಸ್ತು ಬಹು ವಿಶಾಲವಾದುದು, ಆದರೆ ಅಲ್ಲಿ ಒಂದೊಂದು ರೂಪಾಯಿಗೂ ವಿಚಾರಣೆ ನಡೆಯುತ್ತದೆ.

ಬಟ್ಟೆ ಒಗೆಯುವ ಪುಡಿಯ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ. ಬ್ರಿಟಿಷ್–ಡಚ್ ಮೂಲದ ಯೂನಿಲಿವರ್ ಸಂಸ್ಥೆಯ ಭಾರತೀಯ ಶಾಖೆಯಾಗಿದ್ದ ಹಿಂದೂಸ್ತಾನ್ ಲಿವರ್ ಕಂಪೆನಿಯು ‘ಸರ್ಫ್’ ಪುಡಿಯನ್ನು ನಗರದ ಅನುಕೂಲಸ್ಥ ಕುಟುಂಬಗಳಿಗೆ ಮಾರುತ್ತಿತ್ತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ‘ನಿರ್ಮಾ’ ಎಂಬ ಪುಡಿಯನ್ನು ತಾವೇ ತಯಾರಿಸಿ, ಬಹು ಕಡಿಮೆ ಬೆಲೆಗೆ, ಮನೆ ಮನೆಗೆ ಹೋಗಿ ಮಾರತೊಡಗಿದರು. ದೊಡ್ಡ ಕಂಪೆನಿಯು ಯಾರನ್ನು ಗಿರಾಕಿಗಳೆಂದೇ ಎಣಿಸಿರಲಿಲ್ಲವೋ ಅಂಥವರು ಕೊಂಡರು. ಹಿಂದೂಸ್ತಾನ್ ಲಿವರ್ ತನ್ನ ತಪ್ಪನ್ನು ತಿದ್ದಿಕೊಂಡು 1987ರಲ್ಲಿ ‘ವೀಲ್’ ಎಂಬ ಅಗ್ಗದ ಪುಡಿಯನ್ನು ಹೊರತಂದಿತು. ಅದಕ್ಕಾಗಿ ಪುಡಿಯ ಮಿಶ್ರಣ, ಪೊಟ್ಟಣ, ಸಾಗಾಣಿಕೆ, ಅಂಗಡಿಗೆ ಮುಟ್ಟಿಸುವ ಬಗೆ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಯಿತು. ದುಬಾರಿ ಸರಕಿನ ಬೆಲೆಯನ್ನು ಸ್ವಲ್ಪ ಇಳಿಸಿದ ಮಾತ್ರಕ್ಕೆ ಅದು ಅಗ್ಗದ ಸರಕಾಗುವುದಿಲ್ಲ. ಬೆಲೆಯನ್ನು ಮೊದಲು ನಿಶ್ಚಯಿಸಿಕೊಂಡು, ಆ ಬೆಲೆಗೆ ತಕ್ಕ ಸರಕನ್ನು ಅನಂತರ ರೂಪಿಸಬೇಕಾಗುತ್ತದೆ.

ಇದೇ ಬಗೆಯ ಇನ್ನೊಂದು ಪಾಠವನ್ನು ಕಲಿಸಿದುದು ತಮಿಳುನಾಡಿನ ಕಡಲೂರು. 1983ರಲ್ಲಿ ಸಿ. ಕೆ. ರಂಗನಾಥನ್ ಅವರು ಅಲ್ಪ ಬಂಡವಾಳದಿಂದ ಆರಂಭಿಸಿದ ‘ಚಿಕ್’ ಶಾಂಪೂ, ಒಂದು ಸಲದ ತಲೆಸ್ನಾನಕ್ಕೆ ಸಾಕಾಗುವಷ್ಟು ಚಿಕ್ಕ ಪೊಟ್ಟಣಗಳಲ್ಲಿ ಮಾರಾಟವಾಯಿತು. ದಿನಗೂಲಿಯಿಂದ ಬಾಳುವವರು ತಿಂಗಳಿಗೆ ಸಾಕಾಗುವ ಶೀಶೆಯನ್ನು ಒಮ್ಮೆಗೇ ಕೊಳ್ಳಲಾರರು. ಕೈಯಲ್ಲಿರುವ ಚಿಲ್ಲರೆಯಿಂದ ಇಂದಿನ ಅಗತ್ಯವನ್ನು ಪೂರೈಸಿಕೊಳ್ಳಬಲ್ಲರು. ವಿದೇಶೀ ಮೂಲದ ದೊಡ್ಡ ಕಂಪೆನಿಗಳೂ ಈ ಕ್ರಮವನ್ನು ಅನುಸರಿಸಿದುವು. ಇಂದು ನಮ್ಮ ಯಾವುದೇ ಹಳ್ಳಿಯ ಚಿಲ್ಲರೆ ಅಂಗಡಿಯ ಮುಂದೆ ತೋರಣದಂತೆ ತೂಗುವ ಪೊಟ್ಟಣಗಳ ಸರವನ್ನು ನೋಡಿದರೆ ಈ ತತ್ತ್ವ ಎಷ್ಟು ವ್ಯಾಪಕವಾಗಿದೆಯೆಂಬುದು ತಿಳಿಯುತ್ತದೆ. ಒಮ್ಮೆ ಬಳಸಿ ಎಸೆದ ಆ ಪ್ಲಾಸ್ಟಿಕ್ ಪೊಟ್ಟಣಗಳು ಊರ ಚರಂಡಿಗಳನ್ನು ಸೇರುತ್ತಿರುವುದೂ ನಿಜ. ಮಾರುಕಟ್ಟೆಯ ಲೆಕ್ಕದಲ್ಲಿ ಬಾರದ ಇಂಥ ವೆಚ್ಚಗಳು ಉಂಟೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

2. ಅಭ್ಯಾಸದ ಬಲ

ಕೊಳ್ಳುವ ಶಕ್ತಿಯಿದ್ದರೂ ಕೊಳ್ಳುವ ಇಚ್ಛೆ ಇರಬೇಕಷ್ಟೆ. ಇಚ್ಛೆಯನ್ನು ಬಹುಮಟ್ಟಿಗೆ ನಿರ್ಣಯಿಸುವುದು ಜನರ ಅಭ್ಯಾಸ. ಅಮೆರಿಕದ ಕೆಲಾಗ್ ಕಂಪೆನಿಯು 1994ರಲ್ಲಿ ಜೋಳದ ಗರಿಗರಿ ಪದರಗಳನ್ನು ಬೆಳಗಿನ ಉಪಾಹಾರಕ್ಕಾಗಿ ಭಾರತಕ್ಕೆ ತಂದಿತು. ಕುತೂಹಲದಿಂದ ಒಮ್ಮೆ ಕೊಂಡವರು ಅನೇಕರು. ಮತ್ತೆ ಮತ್ತೆ ಕೊಂಡವರು ಕೆಲವರು. ಬೆಳಗಾದರೆ ಬಿಸಿ ಉಪ್ಪಿಟ್ಟನ್ನೋ ಇಡ್ಲಿಯನ್ನೋ ರೊಟ್ಟಿಯನ್ನೋ ತಿನ್ನುವ ಜನರಿಗೆ ತಣ್ಣಗಿನ ಹಾಲಿನಲ್ಲಿ ನೆನೆಸಿದ ತಿಂಡಿ ರುಚಿಸಲಿಲ್ಲ. ನಮ್ಮ ಮನೆಗಳಲ್ಲಿ ಹಾಲನ್ನು ಕಾಯಿಸಿ ಕುಡಿಯುವುದೇ ಪದ್ಧತಿ. ಬಿಸಿ ಹಾಲು ಹಾಕಿದೊಡನೆ ಆ ಪದರಗಳು ಮೆತ್ತಗಾಗಿ ತಮ್ಮ ಮುಖ್ಯ ಗುಣವಾದ ಗರಿಗರಿತನವನ್ನೇ ಕಳೆದುಕೊಳ್ಳುತ್ತಿದ್ದುವು. ವ್ಯಾಪಾರಶಿಕ್ಷಣದ ತರಗತಿಗಳಲ್ಲಿ ಈ ಪ್ರಕರಣವನ್ನು ಇಂದಿಗೂ ಪಾಠವಾಗಿ ಹೇಳುತ್ತಾರೆ. ಕಂಪೆನಿಯು ಕ್ರಮೇಣ ಬೆಲೆಯನ್ನೂ ಪೊಟ್ಟಣದ ಗಾತ್ರವನ್ನೂ ರುಚಿಯನ್ನೂ ಇಲ್ಲಿಗೆ ಹೊಂದಿಸಿಕೊಂಡ ಮೇಲೆಯೇ ಅದಕ್ಕೆ ನೆಲೆ ದೊರೆಯಿತು.

ಇದಕ್ಕೆ ಪ್ರತಿಯಾಗಿ, 1996ರಲ್ಲಿ ದೆಹಲಿಯಲ್ಲಿ ತನ್ನ ಮೊದಲ ಭೋಜನಶಾಲೆಯನ್ನು ತೆರೆದ ಮೆಕ್‌ಡೊನಾಲ್ಡ್ ಸಂಸ್ಥೆಯು ಬಾಗಿಲು ತೆರೆಯುವುದಕ್ಕೆ ಕೆಲವು ವರ್ಷ ಮೊದಲೇ ಸಿದ್ಧತೆಗೆ ತೊಡಗಿತ್ತು. ಪರದೇಶದಲ್ಲಿ ತನ್ನ ಹೆಸರಿಗೆ ಆಧಾರವಾಗಿದ್ದ ಗೋಮಾಂಸವನ್ನು ಇಲ್ಲಿ ಪೂರ್ಣವಾಗಿ ಬಿಟ್ಟಿತು, ಹಂದಿಮಾಂಸವನ್ನೂ ಬಳಸಲಿಲ್ಲ, ಸಸ್ಯಾಹಾರಕ್ಕೆ ಅಡುಗೆಮನೆಯಲ್ಲೇ ಪ್ರತ್ಯೇಕ ಏರ್ಪಾಡು ಮಾಡಿತು. ತರಕಾರಿಯನ್ನು ಹೊಲದಿಂದ ಅಂಗಡಿಯವರೆಗೆ ತಂಪಾಗಿ ಸಾಗಿಸುವ ವ್ಯವಸ್ಥೆಯನ್ನು ಇಲ್ಲಿನ ಸರಬರಾಯಿದಾರರೊಡನೆ ಕಟ್ಟಿತು. ಅತಿ ಪ್ರಸಿದ್ಧವಾದ ಸರಕನ್ನೇ ಕೈಬಿಡುವ ವಿನಯ ಇದ್ದಾಗ ಅಪರಿಚಿತ ಮಾರುಕಟ್ಟೆಯೂ ಪರಿಚಿತವಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಫಿನ್ಲೆಂಡಿನ ನೋಕಿಯ ಕಂಪೆನಿಯು 2003ರಲ್ಲಿ ಹೊರತಂದ ‘1100’ ಎಂಬ ಕೈದೂರವಾಣಿಯನ್ನು ಇಲ್ಲಿ ಸ್ಮರಿಸಬಹುದು. ಅದರಲ್ಲಿ ಧೂಳು ಸೇರದಂಥ ಕೀಲಿಮಣೆಯೂ, ಕತ್ತಲಲ್ಲಿ ದಾರಿ ತೋರುವ ಸಣ್ಣ ದೀಪವೂ ಇದ್ದುವು. ವಿದ್ಯುತ್ತು ಯಾವಾಗ ಹೋಗುವುದೋ ತಿಳಿಯದ ಹಳ್ಳಿಯಲ್ಲಿ ಆ ದೀಪದ ಬೆಲೆ ಏನೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗಿರಾಕಿಯು ಬದುಕುವ ಪರಿಸರವನ್ನು ನೋಡಿ ಸರಕನ್ನು ರೂಪಿಸುವುದೆಂದರೆ ಇದೇ.

3. ಕಾನೂನು ನಡೆದು ಬಂದ ದಾರಿ

ವಿದೇಶೀ ವ್ಯಾಪಾರಿಯ ವಿಷಯದಲ್ಲಿ ಭಾರತೀಯರಿಗೆ ಇರುವ ಎಚ್ಚರಿಕೆಗೆ ಕಾರಣಗಳು ಇಲ್ಲದಿಲ್ಲ. ಹದಿನೇಳನೆಯ ಶತಮಾನದ ಆದಿಯಲ್ಲಿ ಸೂರತಿನಲ್ಲಿ ಮಳಿಗೆ ತೆರೆಯಲು ಅನುಮತಿ ಬೇಡಿ ಬಂದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯು 1757ರ ಪ್ಲಾಸೀ ಯುದ್ಧದ ತರುವಾಯ ದೇಶವನ್ನೇ ಆಳತೊಡಗಿತು. ಈ ನೆನಪಿನೊಡನೆ ಸ್ವಾತಂತ್ರ್ಯವನ್ನು ಪಡೆದ ರಾಷ್ಟ್ರವು ವಿದೇಶೀ ಬಂಡವಾಳವನ್ನು ಪೂರ್ಣವಾಗಿ ತ್ಯಜಿಸಲಿಲ್ಲವಾದರೂ, ಅದನ್ನು ಹತೋಟಿಯಲ್ಲಿಡಲು ಬಯಸಿತು.

1973ರ ವಿದೇಶೀ ವಿನಿಮಯ ನಿಯಂತ್ರಣ ಶಾಸನವು ಈ ಬಯಕೆಯ ಕಟ್ಟುನಿಟ್ಟಾದ ರೂಪ. ಸಾಮಾನ್ಯವಾಗಿ ಕಂಪೆನಿಯೊಂದರಲ್ಲಿ ವಿದೇಶೀಯರ ಪಾಲು ನೂರಕ್ಕೆ 40ನ್ನು ಮೀರಬಾರದೆಂದು ಅದು ವಿಧಿಸಿತು. ಉಚ್ಚ ತಂತ್ರಜ್ಞಾನ, ರಫ್ತು ಮೊದಲಾದ ವಿಶೇಷ ಕಾರಣಗಳಿದ್ದಲ್ಲಿ ಮಾತ್ರ ವಿನಾಯಿತಿ. ಇದಕ್ಕೆ ಕಂಪೆನಿಗಳು ಮೂರು ಬಗೆಯಲ್ಲಿ ಉತ್ತರಕೊಟ್ಟುವು. ಕೆಲವು ತಮ್ಮ ಷೇರುಗಳನ್ನು ಭಾರತೀಯರಿಗೆ ಮಾರಿ 40ರ ಮಿತಿಗೆ ಇಳಿದುವು. ಹಿಂದೂಸ್ತಾನ್ ಲಿವರ್ ಸರ್ಕಾರವು ಬಯಸಿದ ಕೈಗಾರಿಕೆಗಳಿಗೆ ಪ್ರವೇಶಿಸಿ, ರಫ್ತನ್ನು ಹೆಚ್ಚಿಸಿ, 51ರ ಪಾಲನ್ನು ಉಳಿಸಿಕೊಂಡಿತು. ಕೋಕಾ–ಕೋಲಾ 1977ರಲ್ಲಿಯೂ ಐ.ಬಿ.ಎಂ. 1978ರಲ್ಲಿಯೂ ದೇಶವನ್ನು ಬಿಟ್ಟು ಹೋದುವು.

ಈ ನಿರ್ಗಮನಗಳ ಫಲ ಗಮನಾರ್ಹವಾದುದು. ಕೋಕಾ–ಕೋಲಾ ತೆರವು ಮಾಡಿದ ಸ್ಥಳವನ್ನು ‘ಥಮ್ಸ್ ಅಪ್’ ಎಂಬ ದೇಶೀಯ ಪಾನೀಯ ಆಕ್ರಮಿಸಿತು. 1993ರಲ್ಲಿ ಹಿಂದಿರುಗಿದ ಕೋಕಾ–ಕೋಲಾ ಅದನ್ನು ಸೋಲಿಸಲು ಪ್ರಯತ್ನಿಸುವುದರ ಬದಲು ಕೊಂಡುಕೊಂಡಿತು. ಐ.ಬಿ.ಎಂ. ಯಂತ್ರಗಳ ದುರಸ್ತಿಯ ಹೊಣೆಯನ್ನು ಸರ್ಕಾರೀ ಕಂಪ್ಯೂಟರ್ ಸಂಸ್ಥೆಯೊಂದು ವಹಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಭಾರತೀಯ ಕಂಪೆನಿಗಳೂ ಗಣಕಯಂತ್ರದ ಉದ್ಯಮಕ್ಕೆ ಇಳಿದುವು. ಹಾಗೆಂದು ಆ ಶಾಸನದ ಕಾಲವು ಲಾಭದ ಕಾಲವೇ ಆಗಿತ್ತೆಂದು ಹೇಳಲಾಗದು. ಪೈಪೋಟಿಯ ಅಭಾವದಿಂದ ಹಲವು ಕೈಗಾರಿಕೆಗಳಲ್ಲಿ ಹಳೆಯ ಯಂತ್ರಗಳೂ ಹಳೆಯ ಮಾದರಿಗಳೂ ದಶಕಗಟ್ಟಲೆ ಉಳಿದುವು. ಸ್ಕೂಟರಿಗಾಗಿ ಗಿರಾಕಿಗಳು ವರ್ಷಗಟ್ಟಲೆ ಕಾಯಬೇಕಾಯಿತು.

1991ರ ಬೇಸಗೆಯಲ್ಲಿ ದೇಶದ ವಿದೇಶೀ ವಿನಿಮಯದ ಸಂಗ್ರಹವು ಕೆಲವು ವಾರಗಳ ಆಮದಿಗೂ ಸಾಲದಷ್ಟು ಕುಗ್ಗಿ, ಚಿನ್ನವನ್ನು ಹೊರದೇಶದಲ್ಲಿ ಒತ್ತೆಯಿಡಬೇಕಾದ ಸ್ಥಿತಿ ಒದಗಿತು. ಪಿ. ವಿ. ನರಸಿಂಹರಾಯರ ಸರ್ಕಾರವು 1991ರ ಜುಲೈ 24ರಂದು ಹೊಸ ಕೈಗಾರಿಕಾ ನೀತಿಯನ್ನು ಪ್ರಕಟಿಸಿ, 34 ಆದ್ಯತೆಯ ಕೈಗಾರಿಕೆಗಳಲ್ಲಿ ನೂರಕ್ಕೆ 51ರವರೆಗೆ ವಿದೇಶೀ ಪಾಲಿಗೆ ತಾನಾಗಿ ಅನುಮತಿ ದೊರೆಯುವಂತೆ ಮಾಡಿತು. ಹಳೆಯ ನಿಯಂತ್ರಣ ಶಾಸನದ ಸ್ಥಾನದಲ್ಲಿ 1999ರ ವಿದೇಶೀ ವಿನಿಮಯ ನಿರ್ವಹಣಾ ಶಾಸನವು ಬಂದಿತು. ಆದರೆ ಬಾಗಿಲು ಒಮ್ಮೆಗೇ ಪೂರ್ತಿಯಾಗಿ ತೆರೆದುಕೊಳ್ಳಲಿಲ್ಲ. ವಿಮೆಯ ಕ್ಷೇತ್ರದಲ್ಲಿ ವಿದೇಶೀ ಪಾಲಿನ ಮಿತಿ ಮೊದಲು 26 ಇದ್ದುದು 2015ರಲ್ಲಿ 49ಕ್ಕೂ 2021ರಲ್ಲಿ 74ಕ್ಕೂ ಏರಿತು. ಹಲವು ಹೆಸರಿನ ಸರಕುಗಳನ್ನು ಮಾರುವ ಚಿಲ್ಲರೆ ವ್ಯಾಪಾರದಲ್ಲಿ 51ರ ಪಾಲಿಗೆ 2012ರಲ್ಲಿ ಅನುಮತಿ ದೊರೆತರೂ, ಒಪ್ಪುವುದೂ ಬಿಡುವುದೂ ಆಯಾ ರಾಜ್ಯಗಳಿಗೆ ಸೇರಿದ್ದಾಯಿತು. ಲಕ್ಷಾಂತರ ಚಿಕ್ಕ ಅಂಗಡಿಕಾರರ ಜೀವನ ಇದರೊಡನೆ ಹೆಣೆದುಕೊಂಡಿರುವುದರಿಂದ ಇಲ್ಲಿ ನಿಧಾನವೇ ಪ್ರಧಾನವಾಗಿದೆ. ನೆರೆಯ ದೇಶಗಳ ಹೂಡಿಕೆಯ ವಿಷಯದಲ್ಲಿ 2020ರ ಏಪ್ರಿಲ್ ತಿಂಗಳಲ್ಲಿ ಸರ್ಕಾರದ ಪೂರ್ವಾನುಮತಿ ಅಗತ್ಯವೆಂದು ವಿಧಿಸಿದುದು, ತೆರೆದ ಬಾಗಿಲನ್ನು ಮತ್ತೆ ಅರೆಮುಚ್ಚಲೂ ಬಹುದೆಂಬುದಕ್ಕೆ ದೃಷ್ಟಾಂತ.

4. ಕರಾರು ಮತ್ತು ವಿಶ್ವಾಸ

ಕಾನೂನಿನ ಕಾಠಿಣ್ಯಕ್ಕಿಂತ ಅದರ ಅನಿಶ್ಚಯವೇ ವ್ಯಾಪಾರಿಗೆ ಹೆಚ್ಚು ಹಾನಿಕರ. ಬ್ರಿಟನ್ನಿನ ವೊಡಾಫೋನ್ ಕಂಪೆನಿಯು 2007ರಲ್ಲಿ ಭಾರತದ ದೂರವಾಣಿ ಸಂಸ್ಥೆಯೊಂದರಲ್ಲಿ ಹಾಂಗ್‌ಕಾಂಗ್ ಮೂಲದ ಹಚಿಸನ್ ಕಂಪೆನಿಗಿದ್ದ ಹಕ್ಕನ್ನು, ಕೇಮನ್ ದ್ವೀಪದ ಕಂಪೆನಿಯೊಂದರ ಷೇರನ್ನು ಕೊಳ್ಳುವ ಮೂಲಕ ಪಡೆಯಿತು. ಆಸ್ತಿಯು ಭಾರತದಲ್ಲಿದೆ, ಆದುದರಿಂದ ತೆರಿಗೆ ಸಲ್ಲತಕ್ಕದ್ದೆಂದು ತೆರಿಗೆ ಇಲಾಖೆ ಸುಮಾರು 11,000 ಕೋಟಿ ರೂಪಾಯಿಯನ್ನು ಕೇಳಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪೆನಿಯ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಸಂಸತ್ತು ಕಾನೂನನ್ನು ಪೂರ್ವಾನ್ವಯವಾಗುವಂತೆ ತಿದ್ದಿತು. 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿಯ ನಿರ್ಣಯವು ಭಾರತಕ್ಕೆ ವಿರುದ್ಧವಾಗಿ ಬಂದಿತು. 2021ರ ಆಗಸ್ಟಿನಲ್ಲಿ ಆ ತಿದ್ದುಪಡಿಯ ಮೂಲಕ ಹೂಡಿದ್ದ ಬೇಡಿಕೆಗಳನ್ನು ಹೊಸ ಶಾಸನದಿಂದ ಕೈಬಿಡಲಾಯಿತು.

ಈ ವ್ಯಾಜ್ಯದಲ್ಲಿ ಎರಡು ಪಕ್ಷಕ್ಕೂ ವಾದವಿತ್ತು. ಭಾರತದಲ್ಲಿ ಬೆಳೆದ ಸಂಪತ್ತನ್ನು ದೂರದ ದ್ವೀಪದಲ್ಲಿ ಕೈಬದಲಾಯಿಸಿ ತೆರಿಗೆಯನ್ನು ತಪ್ಪಿಸುವುದು ನ್ಯಾಯವೆ ಎಂಬ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಆದರೆ ಆಟ ಮುಗಿದ ಮೇಲೆ ಆಟದ ನಿಯಮವನ್ನು ಬದಲಾಯಿಸಿದರೆ ಮುಂದಿನ ಆಟಕ್ಕೆ ಬರುವವರು ಅನುಮಾನಿಸುತ್ತಾರೆ. ಮಹಾರಾಷ್ಟ್ರದ ದಾಭೋಳದಲ್ಲಿ ಅಮೆರಿಕದ ಎನ್ರಾನ್ ಸಂಸ್ಥೆ ಸ್ಥಾಪಿಸಿದ ವಿದ್ಯುತ್ ಯೋಜನೆ ಇದರ ಇನ್ನೊಂದು ಮುಖವನ್ನು ತೋರುತ್ತದೆ. 1995ರಲ್ಲಿ ರಾಜ್ಯ ಸರ್ಕಾರ ಕರಾರನ್ನು ರದ್ದುಮಾಡಿ, ಮಾತುಕತೆಯ ತರುವಾಯ ಮತ್ತೆ ಒಪ್ಪಿಕೊಂಡಿತು. ಆದರೆ ವಿದ್ಯುತ್ತಿನ ಬೆಲೆಯನ್ನು ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯು ತೆರಲಾರದೆ ಹೋದುದರಿಂದ 2001ರಲ್ಲಿ ಉತ್ಪಾದನೆಯೇ ನಿಂತಿತು. ಒಂದು ಪಕ್ಷಕ್ಕೆ ಮಾತ್ರ ಅತಿಯಾಗಿ ಅನುಕೂಲವಾದ ಕರಾರು ಕಾಗದದಲ್ಲಿ ಎಷ್ಟು ಭದ್ರವಾಗಿದ್ದರೂ ಆಚರಣೆಯಲ್ಲಿ ಉಳಿಯಲಾರದು.

5. ಬಂದು ಹೋಗುವುದು ಮತ್ತು ನೆಲೆನಿಲ್ಲುವುದು

ವಿದೇಶೀ ಕಂಪೆನಿಯು ಒಂದು ದೇಶವನ್ನು ಪ್ರವೇಶಿಸುವ ಮಾರ್ಗಗಳು ಸ್ಥೂಲವಾಗಿ ನಾಲ್ಕು: ಸರಕನ್ನು ತಯಾರಿಸಿ ಕಳುಹಿಸುವುದು, ತನ್ನ ಹೆಸರನ್ನೂ ತಂತ್ರವನ್ನೂ ಬಳಸಲು ಗೌರವಧನ ಪಡೆದು ಪರವಾನಗಿ ಕೊಡುವುದು, ಸ್ಥಳೀಯ ಪಾಲುದಾರರೊಡನೆ ಕೂಡಿ ಉದ್ಯಮ ಹೂಡುವುದು, ಪೂರ್ಣ ಸ್ವಂತದ ಕಾರ್ಖಾನೆಯನ್ನು ಕಟ್ಟುವುದು. ಮೊದಲನೆಯದರಲ್ಲಿ ಅಪಾಯ ಕಡಿಮೆ, ಲಾಭವೂ ಸುಂಕದ ಮರ್ಜಿಗೆ ಒಳಪಟ್ಟುದು. ಕೊನೆಯದರಲ್ಲಿ ಅಪಾಯವೂ ಹೆಚ್ಚು, ಬೇರೂ ಆಳ. ಷೇರುಪೇಟೆಯಲ್ಲಿ ಇಂದು ಬಂದು ನಾಳೆ ಹೋಗಬಹುದಾದ ಹಣಕ್ಕೂ, ಮಣ್ಣಿನಲ್ಲಿ ಅಡಿಪಾಯ ಹಾಕಿದ ಹಣಕ್ಕೂ ಇರುವ ಭೇದವನ್ನು ಇಲ್ಲಿ ಮರೆಯಬಾರದು.

ಮೋಟಾರು ಕಾರಿನ ಉದ್ಯಮವು ಮೂರನೆಯ ಮಾರ್ಗದ ಫಲವನ್ನು ಚೆನ್ನಾಗಿ ತೋರಿಸುತ್ತದೆ. 1981ರಲ್ಲಿ ಸರ್ಕಾರೀ ಸಂಸ್ಥೆಯಾಗಿ ಸ್ಥಾಪಿತವಾದ ಮಾರುತಿ ಉದ್ಯೋಗ್, 1982ರಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡಿತು. ಜಪಾನಿನ ದೊಡ್ಡ ಕಂಪೆನಿಗಳ ಸಾಲಿನಲ್ಲಿ ಆಗ ಸುಜುಕಿಯ ಸ್ಥಾನ ಚಿಕ್ಕದು. ಅದು ಪಡೆದ ಪಾಲು ನೂರಕ್ಕೆ 26. 1983ರ ಡಿಸೆಂಬರ್ 14ರಂದು ಮೊದಲ ಕಾರು ಹೊರಬಂದಿತು. ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲಿಯೇ ತಯಾರಿಸಬೇಕೆಂಬ ನಿಬಂಧನೆಯಿದ್ದುದರಿಂದ, ಗುರುಗ್ರಾಮದ ಸುತ್ತಮುತ್ತ ಬಿಡಿಭಾಗ ತಯಾರಿಸುವ ಕಂಪೆನಿಗಳು ಹುಟ್ಟಿಕೊಂಡು, ಮುಂದೆ ಬೇರೆ ಕಾರು ತಯಾರಕರಿಗೂ ಒದಗಿದುವು. ಸುಜುಕಿಯು 2002ರಲ್ಲಿ ಬಹುಪಾಲಿನ ಒಡೆತನವನ್ನು ಪಡೆಯಿತು. ದಕ್ಷಿಣ ಕೊರಿಯದ ಹ್ಯುಂಡೈ ನಾಲ್ಕನೆಯ ಮಾರ್ಗವನ್ನು ಹಿಡಿದು, 1996ರಲ್ಲಿ ಚೆನ್ನೈ ಸಮೀಪದಲ್ಲಿ ಸ್ವಂತ ಕಾರ್ಖಾನೆಗೆ ತೊಡಗಿ, 1998ರಲ್ಲಿ ಸಣ್ಣ ಕಾರನ್ನೇ ಮೊದಲು ಮಾರಿತು.

ಇವುಗಳೊಡನೆ ಅಮೆರಿಕದ ಎರಡು ಮಹಾಸಂಸ್ಥೆಗಳನ್ನು ಹೋಲಿಸೋಣ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟವನ್ನು ನಿಲ್ಲಿಸಿತು. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಮಿಕ್ಕ ನಷ್ಟವಾಯಿತೆಂದು ತಿಳಿಸಿ, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರು ತಯಾರಿಕೆಯನ್ನು ಮುಗಿಸುವುದಾಗಿ ಸಾರಿತು. ಇವರ ಕಾರುಗಳು ಕೆಟ್ಟವೆಂದು ಯಾರೂ ಹೇಳುವುದಿಲ್ಲ. ಕೊಳ್ಳುವವರು ಕೇಳುತ್ತಿದ್ದುದು ಸಣ್ಣ ಕಾರು, ಕಡಿಮೆ ಇಂಧನ, ಹತ್ತಿರದಲ್ಲೇ ದುರಸ್ತಿಯ ಅಂಗಡಿ, ಮರುಮಾರಾಟಕ್ಕೆ ಒಳ್ಳೆಯ ಬೆಲೆ. ಇವನ್ನು ಒದಗಿಸುವ ಜಾಲವನ್ನು ಮೊದಲೇ ಕಟ್ಟಿದವರ ಮುಂದೆ, ಹೊರದೇಶದಲ್ಲಿ ಸಂಪಾದಿಸಿದ ಹೆಸರು ನೆರವಿಗೆ ಬರಲಿಲ್ಲ. ಗಮನಿಸತಕ್ಕ ಇನ್ನೊಂದು ಸಂಗತಿಯೆಂದರೆ, ಕಾರ್ಖಾನೆಗಳನ್ನು ಮುಚ್ಚಿದ ಫೋರ್ಡ್ ಚೆನ್ನೈನಲ್ಲಿದ್ದ ತನ್ನ ಎಂಜಿನಿಯರಿಂಗ್ ಹಾಗೂ ಕಚೇರಿ ಕಾರ್ಯಗಳ ಕೇಂದ್ರವನ್ನು ಮುಚ್ಚಲಿಲ್ಲ. ಭಾರತವು ಸರಕು ಮಾರುವ ಸ್ಥಳ ಮಾತ್ರವಲ್ಲ, ಬುದ್ಧಿಶಕ್ತಿಯನ್ನು ಪಡೆಯುವ ಸ್ಥಳವೂ ಆಗಿದೆ ಎಂಬುದಕ್ಕೆ ಇದು ಸಾಕ್ಷಿ.

6. ಕರ್ನಾಟಕದ ಅನುಭವ

ಈ ಮಾತು ನಮ್ಮನ್ನು ನೇರವಾಗಿ ಬೆಂಗಳೂರಿಗೆ ಕರೆತರುತ್ತದೆ. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ಬೆಂಗಳೂರಿನವರ ‘ಮೈಕೋ’, ಆಡುಗೋಡಿಯಲ್ಲಿ ಇಂಧನ ಚಿಮ್ಮಿಸುವ ಪಂಪುಗಳನ್ನೂ ಕಿಡಿಬೆಣೆಗಳನ್ನೂ ತಯಾರಿಸಿತು. ಬಡಾವಣೆಯೊಂದಕ್ಕೆ ಅದರ ಹೆಸರೇ ನಿಂತಿದೆ. ಅಲ್ಲಿನ ಶಿಕ್ಷಣಕೇಂದ್ರದಲ್ಲಿ ಪಳಗಿದ ಕುಶಲಕರ್ಮಿಗಳು ಹಲವು ತಲೆಮಾರುಗಳಿಂದ ಕೈಗಾರಿಕೆಗೆ ಒದಗುತ್ತ ಬಂದಿದ್ದಾರೆ. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯಿಂದ ಯಂತ್ರೋಪಕರಣಗಳ ವಿದ್ಯೆಯನ್ನೂ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯಿಂದ ಕೈಗಡಿಯಾರದ ವಿದ್ಯೆಯನ್ನೂ ಕಲಿಯಿತು. ಮುಂದೆ ಮಾರುಕಟ್ಟೆ ಬದಲಾದಾಗ ಅದು ಬದಲಾಗಲಾರದೆ, 2016ರಲ್ಲಿ ಅದರ ಗಡಿಯಾರ ಕಂಪೆನಿಯನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರ ಕೈಗೊಂಡಿತು. ವಿದ್ಯೆಯನ್ನು ಒಮ್ಮೆ ಕಲಿತರೆ ಸಾಲದು, ಕಲಿಯುತ್ತಲೇ ಇರಬೇಕೆಂಬುದು ಈ ಎರಡು ಸಂಸ್ಥೆಗಳ ಹೋಲಿಕೆಯಿಂದ ತಿಳಿದುಬರುತ್ತದೆ.

1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದು, ಉಪಗ್ರಹದ ಸಂಪರ್ಕದಿಂದ ತನ್ನ ಮೂಲ ಕಚೇರಿಗೆ ಕೆಲಸವನ್ನು ಕಳುಹಿಸಿತು. ವಿಜ್ಞಾನ ಮಂದಿರ, ಸಾರ್ವಜನಿಕ ಉದ್ದಿಮೆಗಳು, ಎಂಜಿನಿಯರಿಂಗ್ ಕಾಲೇಜುಗಳು ಅದಕ್ಕೂ ಮೊದಲು ದಶಕಗಳ ಕಾಲ ಸಿದ್ಧಪಡಿಸಿದ ಜನರು ಇಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು. ಇಂದು ದೇಶದಲ್ಲಿ ವಿದೇಶೀ ಕಂಪೆನಿಗಳ ಇಂಥ ಸ್ವಂತ ಕೇಂದ್ರಗಳು 1,700ಕ್ಕೂ ಹೆಚ್ಚಾಗಿದ್ದು, ಅವುಗಳಲ್ಲಿ ಅತ್ಯಧಿಕ ಸಂಖ್ಯೆ ಬೆಂಗಳೂರಿನಲ್ಲಿದೆ. ಬಿಡದಿಯಲ್ಲಿ ಟೊಯೋಟ–ಕಿರ್ಲೋಸ್ಕರ್ ಕೂಡು ಉದ್ಯಮವು 1997ರಲ್ಲಿ ಸ್ಥಾಪಿತವಾಗಿ, 2007ರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ತಾಂತ್ರಿಕ ಶಿಕ್ಷಣಶಾಲೆಯನ್ನು ಆರಂಭಿಸಿತು. ಹೊಸಕೋಟೆಯಲ್ಲಿ ಕಾರ್ಖಾನೆ ಹೂಡಿದ ಸ್ವೀಡನ್ನಿನ ವೋಲ್ವೊ ಕಂಪೆನಿಯ ಹೆಸರು ನಮ್ಮ ಜನರ ಬಾಯಲ್ಲಿ ಹವಾನಿಯಂತ್ರಿತ ಬಸ್ಸಿಗೆ ಅಂಕಿತನಾಮ ಹೋಗಿ ರೂಢನಾಮವೇ ಆಗಿದೆ.

ಈ ಚಿತ್ರಕ್ಕೆ ಇನ್ನೊಂದು ಪಾರ್ಶ್ವವೂ ಉಂಟು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕೈದೂರವಾಣಿಗಳನ್ನು ಜೋಡಿಸುವ ತೈವಾನ್ ಮೂಲದ ಕಾರ್ಖಾನೆಯಲ್ಲಿ, ವೇತನ ಸರಿಯಾಗಿ ಸಲ್ಲುತ್ತಿಲ್ಲವೆಂಬ ಅಸಮಾಧಾನದಿಂದ 2020ರ ಡಿಸೆಂಬರಿನಲ್ಲಿ ಕಾರ್ಮಿಕರು ರೊಚ್ಚಿಗೆದ್ದು, ಗಾಜುಗಳೂ ಯಂತ್ರಗಳೂ ಒಡೆದುವು. ಅವರಲ್ಲಿ ಬಹುಮಂದಿ ಗುತ್ತಿಗೆದಾರರ ಮೂಲಕ ನೇಮಕಗೊಂಡ ಯುವಕರು. ಕಾರ್ಖಾನೆಯು 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಹಿಂಸೆಯನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ವಿದೇಶೀ ಕಂಪೆನಿಗೂ ಕಾರ್ಮಿಕನಿಗೂ ನಡುವೆ ಹೊಣೆಯು ಗುತ್ತಿಗೆದಾರರಲ್ಲಿ ಹಂಚಿಹೋದಾಗ, ಕೂಲಿಯ ಲೆಕ್ಕವನ್ನು ಯಾರನ್ನು ಕೇಳಬೇಕೆಂಬುದೇ ಕಾರ್ಮಿಕನಿಗೆ ತಿಳಿಯದೆ ಹೋಗುತ್ತದೆ. ಹಣ ಹೂಡಿದವರೂ, ಆಹ್ವಾನಿಸಿದ ಸರ್ಕಾರವೂ ಈ ಪಾಠವನ್ನು ಮರೆಯುವಂತಿಲ್ಲ.

ಉಪಸಂಹಾರ

ಮೇಲಿನ ನಿದರ್ಶನಗಳನ್ನು ಒಟ್ಟುಗೂಡಿಸಿ ನೋಡಿದರೆ, ಭಾರತದಲ್ಲಿ ಲಾಭ ಪಡೆದ ವಿದೇಶೀ ಕಂಪೆನಿಗಳ ನಡತೆಯಲ್ಲಿ ಕೆಲವು ಸಮಾನ ಲಕ್ಷಣಗಳು ಕಾಣುತ್ತವೆ. ಅವು ಜನರ ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಸರಕನ್ನು ರೂಪಿಸಿದುವು. ತಮ್ಮ ಅಭ್ಯಾಸವನ್ನು ಹೇರದೆ ಇಲ್ಲಿನ ಅಭ್ಯಾಸವನ್ನು ಕಲಿತುವು. ಬಿಡಿಭಾಗವನ್ನೂ ಕುಶಲತೆಯನ್ನೂ ಇಲ್ಲಿಯೇ ಬೆಳೆಸಿದುವು. ಮೊದಲ ವರ್ಷಗಳ ನಷ್ಟಕ್ಕೆ ಅಂಜದೆ ಕಾದುವು. ಈ ನಾಲ್ಕನ್ನೂ ಮಾಡುವ ಕಂಪೆನಿಯು ತನಗೆ ಅರಿವಿಲ್ಲದೆಯೇ ಈ ದೇಶಕ್ಕೂ ಏನನ್ನಾದರೂ ಬಿಟ್ಟುಕೊಡುತ್ತದೆ. ಅವಕಾಶದ ಎರಡು ಪ್ರಶ್ನೆಗಳೂ ಕೊನೆಯಲ್ಲಿ ಒಂದೇ ಎಂದು ನಾವು ಪೀಠಿಕೆಯಲ್ಲಿ ಹೇಳಿದುದು ಈ ಅರ್ಥದಲ್ಲಿ.

ಆದರೆ ಬಿಟ್ಟುಕೊಟ್ಟುದನ್ನು ಹಿಡಿದುಕೊಳ್ಳುವ ಕೈ ನಮ್ಮದಾಗಿರಬೇಕು. ಬೆಂಗಳೂರಿನಲ್ಲಿ ನಡೆಯುವ ಹೂಡಿಕೆದಾರರ ಸಮಾವೇಶಗಳಲ್ಲಿ, 2022ರಲ್ಲಿ ಆದಂತೆ, 2025ರಲ್ಲಿ ಆದಂತೆ, ಲಕ್ಷಗಟ್ಟಲೆ ಕೋಟಿ ರೂಪಾಯಿಗಳ ವಾಗ್ದಾನಗಳು ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ವಾಗ್ದಾನಕ್ಕೂ ಹೂಡಿಕೆಗೂ, ಹೂಡಿಕೆಗೂ ಉದ್ಯೋಗಕ್ಕೂ, ಉದ್ಯೋಗಕ್ಕೂ ವಿದ್ಯೆಗೂ ಇರುವ ಅಂತರವನ್ನು ಅಳೆಯುವುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಕರ್ತವ್ಯ. ಎಷ್ಟು ಹಣ ಬಂದಿತೆಂಬ ಪ್ರಶ್ನೆಯ ಜೊತೆಗೆ, ಎಷ್ಟು ಬಿಡಿಭಾಗ ಇಲ್ಲಿ ತಯಾರಾಯಿತು, ಎಷ್ಟು ಮಂದಿ ಖಾಯಂ ಕೆಲಸ ಪಡೆದರು, ಭೂಮಿ ಕೊಟ್ಟ ರೈತನ ಮಕ್ಕಳು ಆ ಕಾರ್ಖಾನೆಯಲ್ಲಿ ಯಾವ ಮೆಟ್ಟಿಲಿನವರೆಗೆ ಏರಿದರು, ಕಂಪೆನಿ ಹೋದ ಮೇಲೆ ಊರಿನಲ್ಲಿ ಉಳಿಯುವುದೇನು ಎಂಬ ಪ್ರಶ್ನೆಗಳನ್ನೂ ಕೇಳಬೇಕು. ಇವಕ್ಕೆ ಉತ್ತರವನ್ನು ಪುಸ್ತಕಗಳಲ್ಲಿ ಹುಡುಕುವುದಕ್ಕಿಂತ, ಬಿಡದಿಗೂ ನರಸಾಪುರಕ್ಕೂ ಹೊಸಕೋಟೆಗೂ ಹೋಗಿ ಜನರನ್ನು ವಿಚಾರಿಸಿ ಬರೆಯುವುದು ಮೇಲು. ನಮ್ಮ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಇಂಥ ಅಧ್ಯಯನವನ್ನು ಕೈಗೊಂಡರೆ, ಈ ಲೇಖನದಲ್ಲಿ ಸ್ಥೂಲವಾಗಿ ಹೇಳಿದ ಮಾತುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ತಿದ್ದುಪಡಿಯನ್ನು ಬೇಡುತ್ತದೆ ಎಂಬುದು ನಿಶ್ಚಯವಾದೀತು.